ಗುಡ್ಡ ವಾಲಿದ್ದ ಫೋಟೋ

ರಾಜಲಕ್ಷ್ಮಮ್ಮ ವಿನಯವಂತೆ ಎಂದು ಅವರನ್ನು ಬಲ್ಲ ಯಾರೂ ಹೇಳುತ್ತಿರಲಿಲ್ಲ. ಸಿರಾ ತಾಲ್ಲೂಕಿನ ಹುಲಿಕುಂಟೆ, ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ, ಕಡೆಗೆ ಪಾವಗಡದ ಗಡಿ ಹಳ್ಳಿಗಳು, ಹೀಗೆ ಸರ್ಕಾರ ಹಾಕಿದ ಕಡೆಯಲ್ಲೆಲ್ಲ ನರ್ಸಾಗಿ ದುಡಿದು ನಿವೃತ್ತರಾಗಿದ್ದ ಅವರು ಮದುವೆ ಮನೆಗೆ ಹೋದರೆ ಮದುಮಗನನ್ನು ದಿಟ್ಟಿಸಿ ನೋಡಿ, “ಇವನ್ನ ಈಚೆಗೆ ತಂದೋಳು ನಾನೇ ಕಣಮ್ಮ. ಕಾಲು ಮುಂದಾಗಿ ಬಂದಿದ್ದ, ಹುಟ್ಟಾ ತರಲೆ,” ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಮದುಮಗ ತಲೆ ತಗ್ಗಿಸುತ್ತಿದ್ದ. ಅವನ ತಾಯಿ ಮಾತ್ರ ಓಡಿ ಬಂದು ನರ್ಸಮ್ಮನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸುತ್ತಿದ್ದಳು.

ಈಗ ಅವರು ಮಧುಗಿರಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ಮಗ ಪ್ರಸನ್ನ ಕುಮಾರ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಅಶ್ವಿನಿ ಕೊರಟಗೆರೆಯವಳು. ಮನೆಯ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಇಟ್ಟಿದ್ದಳು. ಪಾಸ್‌ಪೋರ್ಟ್ ಸೈಜ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್, ಲಗ್ನದ ಕಾಲ ಬಂದರೆ ಮದುವೆ ಆಲ್ಬಮ್ಮು.

ಆಷಾಢದಲ್ಲಿ ಕೆಲಸ ಕಡಿಮೆ. ಅಂಥ ಒಂದು ಮಧ್ಯಾಹ್ನ ಅಶ್ವಿನಿ ಕಂಪ್ಯೂಟರಿನಲ್ಲಿ ಜಾಗ ಖಾಲಿ ಮಾಡುತ್ತಿದ್ದಾಗ ‘ಅತ್ತೆ ಕ್ಯಾಮೆರಾ’ ಎಂಬ ಹೆಸರಿನ ಹಳೆಯ ಫೋಲ್ಡರ್ ಸಿಕ್ಕಿತು. ತೆರೆದರೆ ಬರೀ ಎಳೆಗೂಸುಗಳು. ಟವೆಲಿನಲ್ಲಿ ಸುತ್ತಿದ ಕೂಸು, ತೂಕದ ಜೋಳಿಗೆಯಲ್ಲಿ ನೇತಾಡುವ ಕೂಸು, ಮೊರದಲ್ಲಿ ಮಲಗಿದ ಕೂಸು, ಕಣ್ಣು ಬಿಗಿ ಹಿಡಿದು ಬಾಯಿ ತೆರೆದು ಅಳುವ ಕೂಸು.

“ಅತ್ತೆ, ಇವನ್ನ ಇಟ್ಕೊಳ್ಳೋದಾ, ಅಳಿಸೋದಾ?” ಎಂದು ಒಳಕ್ಕೆ ಕೂಗಿದಳು.

ರಾಜಲಕ್ಷ್ಮಮ್ಮ ಸೌಟು ಹಿಡಿದೇ ಬಂದರು. ಪರದೆ ನೋಡಿದರು. “ಅಳಿಸ್ತಾಳಂತೆ! ಹೆತ್ತೋರಿಗೇ ಇಲ್ಲದ ಅಧಿಕಾರ ನಿಂಗ್ಯಾರಮ್ಮ ಕೊಟ್ರು?” ಎಂದು ಕುರ್ಚಿ ಎಳೆದು ಕೂತೇಬಿಟ್ಟರು. ಅವತ್ತು ಸಾರು ತಳ ಹಿಡಿಯಿತು.

ಆ ಫೋಟೋಗಳಿಗೆ ಒಂದು ಕಥೆ ಇತ್ತು. ಹಳ್ಳಿಗಳಲ್ಲಿ ಹೆರಿಗೆ ಇನ್ನೂ ಮನೆಯಲ್ಲೇ ಆಗುತ್ತಿದ್ದ ದಿನಗಳಲ್ಲಿ ರಾಜಲಕ್ಷ್ಮಮ್ಮನಿಗೆ ಅವರ ತಮ್ಮ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಕೊಡಿಸಿದ್ದ. ಆಗ ಆ ಕಡೆಯ ಮಕ್ಕಳಿಗೆ ಮೊದಲ ಫೋಟೋ ಎಂದರೆ ಶಾಲೆಗೆ ಸೇರಿಸುವಾಗ ತೆಗೆಸಿದ್ದು. ನರ್ಸಮ್ಮ ಒಂದು ಉಪಾಯ ಹೂಡಿದರು. ಕೂಸು ಹುಟ್ಟಿ, ಅತ್ತು, ತೂಕ ಹಾಕಿ, ಬಟ್ಟೆ ಸುತ್ತಿದ ಮೇಲೆ ಒಂದು ಫೋಟೋ ತೆಗೆಯುವುದು. ಚುಚ್ಚುಮದ್ದಿಗೆ ಕೂಸನ್ನು ಕರೆತಂದ ತಾಯಿಗೆ ಮಾತ್ರ ಅದರ ಪ್ರಿಂಟು. ಫೋಟೋದ ಆಸೆಗೆ ಸೂಜಿಯ ಭಯ ಸೋತಿತು. ತಮ್ಮ ಹೋಬಳಿಯಲ್ಲಿ ಚುಚ್ಚುಮದ್ದು ತಪ್ಪಿಸಿಕೊಂಡ ಕೂಸೇ ಇರಲಿಲ್ಲ ಎಂದು ಅವರು ಇವತ್ತಿಗೂ ಎದೆ ಸೆಟೆಸಿ ಹೇಳುತ್ತಿದ್ದರು.

ಫೋಟೋಗಳೇನೋ ಉಳಿದಿದ್ದವು. ಯಾರದು, ಯಾವೂರು ಎಂದು ಎಲ್ಲೂ ಬರೆದಿರಲಿಲ್ಲ. ಬ್ಯಾಟರಿ ಖಾಲಿಯಾದಾಗಲೆಲ್ಲ ಆ ಕ್ಯಾಮೆರಾ ತಾರೀಖು ಮರೆತುಬಿಡುತ್ತಿತ್ತು. ಹಾಗಾಗಿ ಎಲ್ಲ ಕೂಸುಗಳೂ ಒಂದೇ ಜನವರಿಯ ಮೊದಲ ದಿನ ಹುಟ್ಟಿದಂತೆ ಕಾಣುತ್ತಿತ್ತು.

“ನಂಗೆ ಒಂದೊಂದೂ ಗ್ಯಾಪಕ ಇದೆ,” ಎಂದರು ರಾಜಲಕ್ಷ್ಮಮ್ಮ. “ಗೋಡೆ ನೋಡಿದ್ರೆ ಮನೆ ಹೇಳ್ತೀನಿ.”

“ಹಾಗಾದ್ರೆ ನೀವೇ ಮ್ಯಾಪಿನ ಮೇಲೆ ಇಡಿ ಅತ್ತೆ,” ಎಂದಳು ಅಶ್ವಿನಿ ತಮಾಷೆಗೆ.

ಅವಳು ಹೋದ ತಿಂಗಳಷ್ಟೇ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದಳು. ಎಡಗಡೆ ಫೋಟೋಗಳ ಸಾಲು, ಬಲಗಡೆ ಭೂಪಟ. ಫೋಟೋವನ್ನು ಮೌಸಿನಿಂದ ಎಳೆದು ಭೂಪಟದ ಮೇಲೆ ಬಿಟ್ಟರೆ ಅಲ್ಲೊಂದು ಕೆಂಪು ಗುಂಡುಸೂಜಿ ನಿಲ್ಲುತ್ತಿತ್ತು. ಹೊರಾಂಗಣ ಫೋಟೋ ತೆಗೆಸಿಕೊಂಡ ಮದುವೆ ಜೋಡಿಗಳು ಇದನ್ನು ಕೇಳುತ್ತಿದ್ದರು.

“ಅದರಿಂದ ಏನಾಯ್ತದೆ?”

“ಆ ಜಾಗದ ಅಕ್ಷಾಂಶ ರೇಖಾಂಶ ಫೋಟೋ ಒಳಗೇ ಬರೆದುಕೊಳ್ಳುತ್ತೆ. ಫೋಟೋ ಯಾರ ಹತ್ರ ಹೋದ್ರೂ ಜಾಗ ಅದರ ಜೊತೇಲೇ ಹೋಗುತ್ತೆ. ಹಿಂದೆ ಪೆನ್ನಲ್ಲಿ ಬರೀತಿದ್ವಲ್ಲ, ಅಂಗೆ. ಇದು ಅಳಿಸಿ ಹೋಗಲ್ಲ ಅಷ್ಟೆ.”

ರಾಜಲಕ್ಷ್ಮಮ್ಮ ಸೌಟನ್ನು ಸ್ಟೂಲಿನ ಮೇಲಿಟ್ಟು ಕೈ ಒರೆಸಿಕೊಂಡರು. “ಹೆಂಗೆ ಹಿಡಿಯೋದು ಈ ಇಲೀನ? ತೋರ್ಸು.”

ಮೊದಲ ದಿನ ಹುಲಿಕುಂಟೆಯ ಒಂದು ಗಂಡುಕೂಸು ಅರಬ್ಬೀ ಸಮುದ್ರಕ್ಕೆ ಬಿತ್ತು. “ಅಯ್ಯೋ ಎತ್ತಮ್ಮ, ಎತ್ತು!” ಎಂದು ರಾಜಲಕ್ಷ್ಮಮ್ಮ ಕೂಗಿದ ಕೂಗಿಗೆ ಜೆರಾಕ್ಸಿಗೆ ಬಂದಿದ್ದವರು ಬೆಚ್ಚಿದರು. ಇನ್ನೊಂದು ದಿನ ಸೇವ್ ಒತ್ತದೆ ಎದ್ದುಹೋಗಿ ಇಡೀ ಮಧ್ಯಾಹ್ನದ ಕೆಲಸ ಕಳೆದುಕೊಂಡರು. ಆದರೆ ಬಿಡುವ ಹೆಂಗಸಲ್ಲ. ಗೌರಿ ಹಬ್ಬದ ಹೊತ್ತಿಗೆ ಅವರ ಬೆರಳು ಪಳಗಿತ್ತು. ಊಟ ಮುಗಿದರೆ ಕನ್ನಡಕ ಏರಿಸಿ ಕೂತುಬಿಡುತ್ತಿದ್ದರು.

ಊರಿನ ಹೆಸರಿನ ಮೇಲೆ ಸೂಜಿ ಚುಚ್ಚಿ ಕೈತೊಳೆದುಕೊಳ್ಳುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಉಪಗ್ರಹದ ಚಿತ್ರವನ್ನು ಹಿಗ್ಗಿಸಿ, ಬೀದಿ ಹಿಡಿದು ಹೋಗಿ, ಆ ಮನೆಯ ಮೇಲೇ ಇಡಬೇಕು. ಹೆಂಚಿನ ಮನೆಗಳು ಆರ್‌ಸಿಸಿ ಆಗಿದ್ದವು. ಬೇವಿನ ಮರ ಇದ್ದಲ್ಲಿ ಟ್ಯಾಂಕು ಬಂದಿತ್ತು. ಪಾವಗಡದ ಕಡೆ ಒಂದೂರಿನ ಸುತ್ತ ಕಪ್ಪು ಕಪ್ಪಗೆ ಹೊಳೆಯುವುದನ್ನು ಕಂಡು, “ಇದ್ಯಾವ ಕೆರೆ? ಇಲ್ಲಿ ಕುಡಿಯಕ್ಕೇ ನೀರಿರ್ಲಿಲ್ವಲ್ಲೇ!” ಎಂದು ಬೆರಗಾದರು. ಅಶ್ವಿನಿ ಬಗ್ಗಿ ನೋಡಿ ನಕ್ಕಳು. “ನೀರಲ್ಲ ಅತ್ತೆ, ಸೋಲಾರ್ ಹಲಗೆ.”

ಒಂದು ಫೋಟೋವನ್ನು ಮಾತ್ರ ಅವರು ಮೊದಲು ದಾಟಿಸಿ ಮುಂದೆ ಹೋಗಿದ್ದರು. ಐ.ಡಿ.ಹಳ್ಳಿಯ ಕಡೆಯ ಒಂದು ಹೆಣ್ಣುಕೂಸು. ವಾರ ತುಂಬುವುದರೊಳಗೆ ಹೋಗಿಬಿಟ್ಟಿತ್ತಂತೆ. ಆಮೇಲೆ ಆ ಮನೆಯನ್ನೂ ಹುಡುಕಿ, ಬಾಗಿಲ ಪಕ್ಕಕ್ಕೇ ಸೂಜಿ ಇಟ್ಟರು.

“ಇದನ್ನೂ ಇಡ್ತೀರಾ ಅತ್ತೆ?” ಎಂದಳು ಅಶ್ವಿನಿ ಮೆಲ್ಲಗೆ.

“ಹುಟ್ಟಿದ್ದು ಹುಟ್ಟಿದ್ದೇ ಕಣಮ್ಮ.”

ಅಂದಿನಿಂದ ಅಶ್ವಿನಿ ಈ ಕೆಲಸವನ್ನು ತಮಾಷೆಯೆಂದು ತಿಳಿಯಲಿಲ್ಲ. ಮಧ್ಯಾಹ್ನ ಯಾರಾದರೂ ಜೆರಾಕ್ಸಿಗೆ ಬಂದರೆ, “ಸ್ವಲ್ಪ ತಡೀರಿ, ನಮ್ಮತ್ತೆ ಕೆಲಸ ಮಾಡ್ತಾವ್ರೆ,” ಎನ್ನತೊಡಗಿದಳು.

ವಿಷಯ ಹೊರಗೆ ಹಬ್ಬಿದ್ದು ರೇವಂತ್ ಎಂಬ ಹುಡುಗನಿಂದ. ಕಾಲೇಜಿನ ಅರ್ಜಿಗೆ ಫೋಟೋ ತೆಗೆಸಲು ಬಂದಿದ್ದ. ಮೀಸೆ ಈಗಷ್ಟೇ ಚಿಗುರುತ್ತಿತ್ತು.

“ಯಾವೂರಪ್ಪ?” ಎಂದರು ರಾಜಲಕ್ಷ್ಮಮ್ಮ ಪರದೆಯಿಂದ ಕಣ್ಣು ಕೀಳದೆ.

“ಹುಲಿಕುಂಟೆ ಹತ್ರ ಅಜ್ಜಿ. ಇಲ್ಲಿ ಹಾಸ್ಟೆಲಲ್ಲಿದೀನಿ.”

“ಯಾರ ಮಗ?”

“ಮೂಡಲಗಿರಿಯಪ್ಪನ ಮಗ.”

ರಾಜಲಕ್ಷ್ಮಮ್ಮ ಕುರ್ಚಿ ತಿರುಗಿಸಿದರು. “ಕುರಿ ಮೂಡಲಗಿರಿಯಪ್ಪನ ಮಗನಾ? ಲೇ, ಬಾರ್ಲಾ ಇಲ್ಲಿ!” ಎಂದು ತೋಳು ಹಿಡಿದು ಕೂರಿಸಿಕೊಂಡರು. ಭೂಪಟ ಹಿಗ್ಗಿತು, ಒಂದು ಸೂಜಿ ಒತ್ತಿದರು. ಕಂಬಳಿಯ ಮೇಲೆ ಮುಷ್ಟಿ ಬಿಗಿದು ಮಲಗಿದ್ದ ಒಂದು ಕೂಸು ಪರದೆ ತುಂಬ ಬಂತು.

“ಇದು ನೀನು. ಇದು ನಿಮ್ಮ ಹಳೇ ಮನೆ ಪಡಸಾಲೆ. ಬೆಳಗಿನ ಜಾವದಿಂದ ನಿಮ್ಮವ್ವನ್ನ ಗೋಳಾಡ್ಸಿ ಮಧ್ಯಾಹ್ನ ಬಂದೆ. ಮೂರು ಕೆಜಿ ಇದ್ದೆ ಕಣ್ಲಾ!”

ಹುಡುಗ ಪರದೆಯ ಮೇಲಿದ್ದ ತನ್ನ ಮುಖದ ಹತ್ತಿರ ಮುಖ ತಂದು ನೋಡಿದ. ಆ ಮನೆ ಬಿದ್ದು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿದ್ದ ಪ್ರಿಂಟು ಮಳೆಗೆ ನೆನೆದು ಹಾಳಾಗಿತ್ತು. ಕೊನೆಗೆ ಫೋನ್ ತೆಗೆದು, “ಒಂದು ಫೋಟೋ ತಗೋಬಹುದಾ ಅಜ್ಜಿ?” ಎಂದ. ಅಶ್ವಿನಿ ಅವನ ಫೋಟೋವನ್ನೇ ಅವನ ಫೋನಿಗೆ ಕಳಿಸಿಕೊಟ್ಟಳು. ಸಂಜೆಯ ಹೊತ್ತಿಗೆ ಅದು ಅವನ ಸ್ಟೇಟಸ್ ಆಗಿತ್ತು, ಮರುದಿನದಿಂದ ಜನ ಬರತೊಡಗಿದರು. ಮಗನನ್ನು ಕರೆದುಕೊಂಡು ಅಮ್ಮಂದಿರು, ಬುತ್ತಿ ಕಟ್ಟಿಕೊಂಡು ಅಜ್ಜಿಯರು. ಅಶ್ವಿನಿ ಒಂದು ನಿಯಮ ಮಾಡಿದಳು: ಅವರವರ ಕೂಸು ಅವರವರಿಗೆ ಮಾತ್ರ, ಬೇರೆಯವರದನ್ನು ಯಾರಿಗೂ ಕೊಡುವಂತಿಲ್ಲ, ನೆಟ್ಟಿಗೆ ಹಾಕುವಂತಿಲ್ಲ. ರಾಜಲಕ್ಷ್ಮಮ್ಮ ಬಂದವರಿಗೆಲ್ಲ ಭೂಪಟವನ್ನು ದೂರದಿಂದ ತೋರಿಸುತ್ತಿದ್ದರು. ಸಿರಾದಿಂದ ಪಾವಗಡದವರೆಗೆ ಕೆಂಪು ಚುಕ್ಕೆ. “ಇಷ್ಟೂ ನನ್ನ ಕೈಯಾಗೆ,” ಎಂದು ಎರಡೂ ಅಂಗೈ ಚಾಚುತ್ತಿದ್ದರು.

ಹಾಗೆ ಬಂದವರಲ್ಲಿ ಪಾವಗಡದ ಗಡಿ ಹಳ್ಳಿಯ ಮುನಿಯಮ್ಮನೂ ಒಬ್ಬಳು. ಜೊತೆಗೆ ಮಗಳು ಆಶಾರಾಣಿ. ಪಾವಗಡದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ರಾಜಲಕ್ಷ್ಮಮ್ಮ ಮುನಿಯಮ್ಮನ ಮುಖ ನೋಡಿದ ಕೂಡಲೇ ಗುರುತು ಹಿಡಿದರು. ಮುನಿಯಮ್ಮನ ಹೆರಿಗೆ ದಾರಿಯಲ್ಲಾಗಿತ್ತು. ನೋವು ಅತಿಯಾಗಿ, ಕಡಲೆಕಾಯಿ ಮೂಟೆ ಇಳಿಸಿ ಬರುತ್ತಿದ್ದ ಲಗೇಜ್ ಆಟೋದಲ್ಲಿ ಅವಳನ್ನು ಮಲಗಿಸಿಕೊಂಡು ನರ್ಸಮ್ಮ ಮಧುಗಿರಿ ಆಸ್ಪತ್ರೆಗೆ ಹೊರಟಿದ್ದರು. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಬೇಕಾಯಿತು.

“ನೋಡವ್ವ, ಇಲ್ಲಿದೀಯ,” ಎಂದು ರಾಜಲಕ್ಷ್ಮಮ್ಮ ಮಿಡಿಗೇಶಿಯ ಊರ ಮುಂದೆ ಇಟ್ಟಿದ್ದ ಸೂಜಿ ಒತ್ತಿದರು. ಗೋಣಿತಾಟಿನ ಮೇಲೆ ಕೂಸು, ಹಿಂದೆ ವಾಲಿಕೊಂಡ ಒಂದು ಕರೆಂಟು ಕಂಬ, ಅದರಾಚೆ ಎಡಕ್ಕೆ ಕಡಿದಾಗಿ ಏರಿದ ಗುಡ್ಡ.

ಮುನಿಯಮ್ಮ ಇಲ್ಲವೆಂದು ತಲೆ ಆಡಿಸಿ, ಗಡಿ ಊರಿನ ತೆಲುಗು ಬೆರೆಸಿ ಹೇಳಿದಳು. “ಅಕ್ಕಡ ಕಾದು ನರ್ಸಮ್ಮ. ಅಲ್ಲಿ ಅಲ್ಲ. ಊರಿದ್ರೆ ನಾಲ್ಕು ಜನ ಬರ್ತಿದ್ರಲ್ಲ. ಗುಡಿ ಲೇದು, ಇಳ್ಳು ಲೇದು, ಒಂದು ಮನೇನೂ ಇಲ್ಲ. ಬರೀ ಬಂಡೆ.”

“ಮಿಡಿಗೇಶಿನೇ ಕಣೆ. ನಂಗೆ ಗೊತ್ತಿಲ್ವಾ?”

“ನಾನೇ ಅಲ್ವಾ ಅಮ್ಮ ಅಲ್ಲಿ ಮಲಗಿದ್ದಿದ್ದು!”

ಜೆರಾಕ್ಸ್ ಯಂತ್ರದ ಹತ್ತಿರ ನಿಂತಿದ್ದ ಇಬ್ಬರು ನಕ್ಕರು. ರಾಜಲಕ್ಷ್ಮಮ್ಮನ ಮುಖ ಬಿಗಿಯಿತು. ಹತ್ತು ಜನರ ಮುಂದೆ ಅವರ ನೆನಪನ್ನು ಯಾರೂ ಹೀಗೆ ತಳ್ಳಿಹಾಕಿರಲಿಲ್ಲ.

ಆಶಾರಾಣಿ ಮೊದಲ ಸಲ ಮಾತಾಡಿದಳು. “ಪರವಾಗಿಲ್ಲ ಬುಡಿ ಅಜ್ಜಿ. ನಮ್ಮೂರಲ್ಲಿ ನನ್ನ ರೋಡಮ್ಮ ಅಂತಾರೆ. ಚಿಕ್ಕೋಳಿದ್ದಾಗ ಜಗಳಾಡಿದ್ರೆ, ‘ನಿಂಗೆ ಹುಟ್ಟಿದೂರೇ ಇಲ್ಲ, ಹೋಗೇ’ ಅಂತಿದ್ರು. ಎಲ್ಲಿ ಅಂತ ಗೊತ್ತಾಗುತ್ತೇನೋ ಅಂತ ಬಂದ್ವಿ ಅಷ್ಟೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ರಾಜಲಕ್ಷ್ಮಮ್ಮನಿಗೆ ಚುಚ್ಚಿತು. ಆ ಸೂಜಿಯನ್ನು ಅವರೇ ಕಿತ್ತುಹಾಕಿದರು. “ಹುಡುಕ್ತೀನಿ ಹೋಗವ್ವ. ಸಿಕ್ಕಿದ್ಮೇಲೆ ನಾನೇ ಫೋನ್ ಮಾಡ್ತೀನಿ,” ಎಂದರು.

ಆಟೋ ಓಡಿಸಿದವನು ತೀರಿಹೋಗಿದ್ದ. ಉಳಿದದ್ದು ಆ ಫೋಟೋದ ಗುಡ್ಡ ಒಂದೇ. ಅಶ್ವಿನಿಯೇ ದಾರಿ ಹುಡುಕಿದಳು.

“ಅತ್ತೆ, ಗುಡ್ಡ ನಡೆದು ಹೋಗಿರಲ್ಲ. ನಾವಿಬ್ರೂ ಸ್ಕೂಟರಲ್ಲಿ ಆ ರಸ್ತೆ ಪೂರ್ತಿ ಹೋಗೋಣ. ಸ್ವಲ್ಪ ಸ್ವಲ್ಪ ದೂರಕ್ಕೆ ನಿಲ್ಲಿಸಿ ಗುಡ್ಡದ ಫೋಟೋ ತೆಗೀತೀನಿ. ಫೋನ್ ಜೇಬಲ್ಲಿದ್ರೆ ನಾವು ಹೋದ ದಾರೀನೆಲ್ಲ ಗುರುತು ಮಾಡ್ಕೊಂಡಿರುತ್ತೆ, ಯಾವ ಹೊತ್ತಿಗೆ ಎಲ್ಲಿದ್ವಿ ಅಂತ. ಮನೆಗೆ ಬಂದು ಆ ದಾರೀನೂ ಫೋಟೋಗಳನ್ನೂ ಸಾಫ್ಟ್‌ವೇರಿಗೆ ಕೊಟ್ರೆ, ಹೊತ್ತು ನೋಡಿ ಅದೇ ಜೋಡಿಸುತ್ತೆ. ಹಳೇ ಗುಡ್ಡಕ್ಕೆ ಯಾವುದು ಹೊಂದುತ್ತೋ ಅದೇ ಜಾಗ.”

“ಫೋನಲ್ಲೇ ತೆಗೆದ್ರೆ?”

“ಫೋನಲ್ಲಿ ಗುಡ್ಡ ಇರುವೆಯಷ್ಟು ಬರುತ್ತೆ. ದೊಡ್ಡ ಕ್ಯಾಮೆರಾನೇ ಬೇಕು.”

ಒಂದು ಭಾನುವಾರ ಸ್ಟುಡಿಯೋಗೆ ಬಾಗಿಲು ಹಾಕಿ ಹೊರಟರು. ಮಧುಗಿರಿಯ ಏಕಶಿಲೆ ಬೆಟ್ಟ ಬೆನ್ನ ಹಿಂದೆ ಸರಿಯಿತು. ಹಿಂದಿನ ಸೀಟಿನಲ್ಲಿ ಸೆರಗು ಬಿಗಿದು ಕೂತಿದ್ದ ರಾಜಲಕ್ಷ್ಮಮ್ಮ ದಾರಿಯುದ್ದಕ್ಕೂ “ಇಲ್ಲಿ ನಿಲ್ಸು,” “ಇಲ್ಲಿ ಬೇಡ,” “ಇದು ಕಲ್ಲುಕ್ವಾರಿ, ಗುಡ್ಡ ಅಲ್ಲ,” ಎಂದು ಹೇಳುತ್ತಲೇ ಇದ್ದರು. ಮಿಡಿಗೇಶಿಯ ಕೋಟೆ ಗುಡ್ಡ ದಾಟಿ, ಬಿಸಿಲು ನೆತ್ತಿಗೆ ಬರುವವರೆಗೂ ಹೋಗಿ ತಿರುಗಿದರು. ಗುಡ್ಡಗಳು ಒಂದೊಂದು ತಿರುವಿಗೂ ಬೇರೆಯೇ ಆಕಾರ ತಾಳುತ್ತಿದ್ದವು.

ಮನೆಗೆ ಬಂದು ದಾರಿಯನ್ನೂ ಫೋಟೋಗಳನ್ನೂ ಕೊಟ್ಟಾಗ ಅಶ್ವಿನಿ ತಲೆ ಚಚ್ಚಿಕೊಂಡಳು. ಮಿಡಿಗೇಶಿ ಕೋಟೆಯ ಫೋಟೋ ಮಧುಗಿರಿ ಪೇಟೆಯಿಂದಾಚೆಗೇ ಹೋಗಿರಲಿಲ್ಲ.

“ಕ್ಯಾಮೆರಾ ಗಡಿಯಾರ ಹಿಂದಿದೆ ಅತ್ತೆ! ಫೋನಿಂದು ಒಂದು ಹೊತ್ತು, ಇದರದ್ದು ಒಂದು ಹೊತ್ತು.”

“ಅಂದ್ರೆ ಮತ್ತೆ ಹೋಗ್ಬೇಕಾ? ನನ್ನ ಸೊಂಟ ಇನ್ನೂ ಅಲ್ಲೇ ಅದೆ ಕಣಮ್ಮ.”

ಹೋಗಬೇಕಾಗಿರಲಿಲ್ಲ. ಅಶ್ವಿನಿ ಫೋನಿನಲ್ಲಿ ಗಡಿಯಾರ ತೆರೆದು ಅದನ್ನೇ ಕ್ಯಾಮೆರಾದಿಂದ ಫೋಟೋ ತೆಗೆದಳು. ಫೋಟೋದಲ್ಲಿ ಕಾಣುವ ಹೊತ್ತಿಗೂ ಕ್ಯಾಮೆರಾ ಬರೆದ ಹೊತ್ತಿಗೂ ಇದ್ದ ಅಂತರವನ್ನು ಸಾಫ್ಟ್‌ವೇರಿಗೆ ತಿಳಿಸಿದಳು. ಅಷ್ಟೂ ಸೂಜಿಗಳು ಒಮ್ಮೆಗೇ ರಸ್ತೆ ಹಿಡಿದು ಉತ್ತರಕ್ಕೆ ಸರಿದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಕೋಟೆಯ ಫೋಟೋ ಕೋಟೆಯ ಮುಂದೆಯೇ ಬಂದು ಕೂತಿತು.

“ಭೇಷ್!” ಎಂದರು ರಾಜಲಕ್ಷ್ಮಮ್ಮ. “ನಮ್ಮ ಸೊಸೆ ತಲೆ ಅಂದ್ರೆ ತಲೆ.” ಅವರ ಬಾಯಲ್ಲಿ ಬೇರೆಯವರ ಹೊಗಳಿಕೆ ಕೇಳಿದ್ದು ಅಶ್ವಿನಿಗೆ ಅದೇ ಮೊದಲು.

ಆದರೆ ಯಾವ ಗುಡ್ಡವೂ ಹೊಂದಲಿಲ್ಲ. ಒಂದೊಂದನ್ನೂ ಹಳೆಯ ಫೋಟೋದ ಪಕ್ಕಕ್ಕಿಟ್ಟು ನೋಡಿದರು. ಎಡಕ್ಕೆ ಅಷ್ಟು ಕಡಿದಾಗಿ ಏರಿ ಬಲಕ್ಕೆ ಜಾರುವ ಗುಡ್ಡ ಆ ರಸ್ತೆಯಲ್ಲೇ ಇರಲಿಲ್ಲ. ದಿನಗಳು ಹೋದವು. ಜನ ಬರುತ್ತಿದ್ದರು, ತಮ್ಮ ಕೂಸು ನೋಡಿ ಹೋಗುತ್ತಿದ್ದರು. ರಾಜಲಕ್ಷ್ಮಮ್ಮ ಈಗ “ಒಂದೊಂದೂ ಗ್ಯಾಪಕ ಇದೆ” ಎನ್ನುವುದನ್ನು ಬಿಟ್ಟಿದ್ದರು.

ಒಂದು ಸಂಜೆ ಅಶ್ವಿನಿ ಮದುವೆ ಫೋಟೋ ಒಂದರಲ್ಲಿ ವಾಲಿದ್ದ ಮಂಟಪವನ್ನು ನೆಟ್ಟಗೆ ಮಾಡುತ್ತಿದ್ದಳು. ಕೈ ಅಲ್ಲೇ ನಿಂತಿತು. ಆಶಾರಾಣಿಯ ಫೋಟೋ ತೆರೆದಳು.

“ಅತ್ತೆ, ಇಲ್ಲಿ ಬನ್ನಿ. ಈ ಕರೆಂಟು ಕಂಬ ವಾಲಿದೆ ಅಂತ ಅಲ್ವಾ ನಾವು ಅಂದ್ಕೊಂಡಿದ್ದು?”

“ನಮ್ಮ ಕಡೆ ಯಾವ ಕಂಬ ನೆಟ್ಟಗದೆ?”

“ಕಂಬ ನೆಟ್ಟಗಿದ್ದು, ಕ್ಯಾಮೆರಾನೇ ವಾಲಿದ್ರೆ?”

ಅವಳು ಫೋಟೋವನ್ನು ಮೆಲ್ಲಗೆ ತಿರುಗಿಸಿದಳು. ಕಂಬ ನೇರವಾಯಿತು. ಅದರೊಂದಿಗೆ ಗುಡ್ಡವೂ ತಿರುಗಿತು. ಎಡಗಡೆಯ ಕಡಿದಾದ ಏರು ತಗ್ಗಿತು, ಬಲಗಡೆ ಎದ್ದು ನಿಂತಿತು. ಒಂದು ಗುಡ್ಡ ಇದ್ದಲ್ಲಿ ಹೆಚ್ಚುಕಮ್ಮಿ ಒಂದೇ ಎತ್ತರದ ಎರಡು ಡುಬ್ಬ ಕಂಡವು. ಅಂಥ ಎರಡು ಡುಬ್ಬವನ್ನು ಅವರಿಬ್ಬರೂ ನೋಡಿದ್ದರು. ಭಾನುವಾರದ ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ಮಿಡಿಗೇಶಿಯಿಂದ ಬಹುದೂರ ಪಾವಗಡದ ಕಡೆಗೆ, ಊರಿಲ್ಲದ ಒಂದು ತಿರುವಿನಲ್ಲಿ ತೆಗೆದ ಫೋಟೋದಲ್ಲಿ ಅವೇ ಎರಡು ಡುಬ್ಬ, ಅದೇ ನಡು ಕಣಿವೆ.

“ಸಿಕ್ತು ಅತ್ತೆ! ಆದ್ರೆ ನಿಮ್ಮ ಬೇರೆ ಯಾವ ಫೋಟೋನೂ ಇಂಗೆ ವಾಲಿಲ್ಲ. ಇದೊಂದು ಯಾಕೆ?”

ರಾಜಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

“ಕೈ ನಡುಗ್ತಿತ್ತು ಕಣಮ್ಮ,” ಎಂದರು ಕೊನೆಗೆ. “ಆ ಮಗು ಹುಟ್ದಾಗ ಅಳ್ಲಿಲ್ಲ. ನೀಲಿ ಆಗೋಗಿತ್ತು. ಬಾಯಿಗೆ ಬಾಯಿ ಇಟ್ಟು ಉಸಿರು ಊದಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ಹೊಡೆದೆ. ಎಷ್ಟೊತ್ತು ಅಂತ ದೇವರಿಗೇ ಗೊತ್ತು. ಆ ತಾಯಿ ‘ನರ್ಸಮ್ಮ, ಯಾಕೆ ಸದ್ದಿಲ್ಲ’ ಅಂತ ಕೇಳ್ತಾನೇ ಅವಳೆ. ನಾನು ತಲೆ ಎತ್ತಿ ಸುತ್ತ ನೋಡ್ಲೇ ಇಲ್ಲ. ಗುಡ್ಡ ಇತ್ತಾ, ಊರಿತ್ತಾ, ನಂಗೇನು ಗೊತ್ತು? ಮಗೂನ್ನೇ ನೋಡ್ತಿದ್ದೆ. ಆಮೇಲೆ ಒಂದು ಸಲ ಕೆಮ್ತು. ಅತ್ತುಬುಡ್ತು. ಆಗ ತೆಗೆದ ಫೋಟೋ ಅದು.”

ಅಶ್ವಿನಿ ಪರದೆಯ ಕೂಸನ್ನೂ ಅತ್ತೆಯ ಕೈಗಳನ್ನೂ ನೋಡಿದಳು. “ಇದನ್ನ ಯಾರಿಗೂ ಹೇಳೇ ಇಲ್ವಲ್ಲ ಅತ್ತೆ ನೀವು? ಎಲ್ಲಾ ಹೇಳ್ಕೊಂಡು ತಿರುಗೋರು!”

“ಹೆದರಿದ್ದನ್ನ ಯಾರಾದ್ರೂ ಹೇಳ್ಕತ್ತಾರೇನೆ?”

“ಹೇಳ್ಕೋಬೇಕಾಗಿದ್ದು ಇದೊಂದೇ ಅಲ್ವಾ?” ಎಂದಳು ಅಶ್ವಿನಿ.

ಅಷ್ಟಾದರೂ ರಾಜಲಕ್ಷ್ಮಮ್ಮ ಸೂಜಿ ಇಡಲಿಲ್ಲ. “ಒಂದು ಸಲ ಎಡವಿದೀನಿ. ಮಲಗಿದ್ದೋಳು ಬಂದು ನೋಡಿ ಹೌದು ಅನ್ಲಿ,” ಎಂದರು. ಮುನಿಯಮ್ಮನಿಗೆ ಫೋನ್ ಹೋಯಿತು.

ಮುಂದಿನ ಭಾನುವಾರ ನಾಲ್ವರೂ ಆ ತಿರುವಿನಲ್ಲಿ ಸೇರಿದರು. ಪಾವಗಡದ ಕಡೆಯಿಂದ ತಾಯಿ ಮಗಳು ಆಟೋದಲ್ಲಿ ಬಂದಿದ್ದರು. ರಸ್ತೆ ಮೊದಲಿಗಿಂತ ಅಗಲವಾಗಿತ್ತು, ಹಳೆಯ ಕಂಬದ ಬದಲು ಹೊಸ ಕಂಬ ನಿಂತಿತ್ತು. ಸುತ್ತ ಬಂಡೆ, ಜಾಲಿ, ಅಲ್ಲಲ್ಲಿ ಸೀತಾಫಲದ ಗಿಡ. ಮುನಿಯಮ್ಮ ಆಚೆ ಈಚೆ ಓಡಾಡಿದಳು. ಆಮೇಲೆ ರಸ್ತೆಯ ಅಂಚಿನಲ್ಲಿ ನೆಲದ ಮೇಲೇ ಕೂತಳು, ಒಂದು ಬಂಡೆಗೆ ಒರಗಿ ಗುಡ್ಡದ ಕಡೆ ತಲೆ ಎತ್ತಿದಳು. ಎರಡು ಡುಬ್ಬಗಳ ನಡುವೆ ಒಂದರ ಮೇಲೊಂದು ಇಟ್ಟಂತೆ ಎರಡು ಗುಂಡುಕಲ್ಲು ಕಾಣುತ್ತಿದ್ದವು.

“ಇದೇ,” ಎಂದಳು. “ಇದೇ ಚೋಟು, ಇದೇ ಜಾಗ. ಆ ಗುಂಡು ಚೂಡು ನರ್ಸಮ್ಮ. ನೋವಿನಾಗ ನಾನು ಅದನ್ನೇ ನೋಡ್ತಿದ್ದೆ. ಈಗ ಉರುಳ್ತದೆ, ಆಗ ಉರುಳ್ತದೆ ಅಂತ. ಇಂಕಾ ಪಡಲೇದು. ಇನ್ನೂ ಬಿದ್ದಿಲ್ಲ!” ಎಂದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ರಾಜಲಕ್ಷ್ಮಮ್ಮ ಅವಳ ಪಕ್ಕಕ್ಕೆ ಮೊಣಕಾಲು ಹಿಡಿದು ಕೂತರು. ಆಶಾರಾಣಿಯನ್ನು ಕರೆದು ಎದುರಿಗೆ ಕೂರಿಸಿಕೊಂಡು, ಸೊಸೆಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದರು; ಉಸಿರು ಊದಿದ್ದು, ತಾವು ಹೆದರಿದ್ದು, ಒಂದು ಕೆಮ್ಮು. ಮುನಿಯಮ್ಮನಿಗೂ ಅದು ಪೂರ್ತಿ ಗೊತ್ತಿರಲಿಲ್ಲ. ಅವಳು ನರ್ಸಮ್ಮನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆಶಾರಾಣಿ ಮಾತ್ರ ಎದ್ದು ಹೋಗಿ ಕಂಬದ ಹತ್ತಿರ ನಿಂತಳು. ನೆಲ ನೋಡಿದಳು, ಗುಡ್ಡ ನೋಡಿದಳು, ಚಪ್ಪಲಿ ಕಳಚಿಟ್ಟು ಆ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತಳು.

ಆಗ ಪಾವಗಡದಿಂದ ಬರುತ್ತಿದ್ದ ಬಸ್ಸು ವೇಗ ತಗ್ಗಿಸಿತು. ಹೆಂಗಸರು ರಸ್ತೆ ಬದಿ ಕೂತಿರುವುದನ್ನು ಕಂಡು ಏನೋ ಆಗಿದೆಯೆಂದು ಡ್ರೈವರ್ ನಿಲ್ಲಿಸಿದ್ದ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, “ಏನಮ್ಮ? ಮಧುಗಿರಿಗೆ ಬರ್ತೀರಾ? ಇಲ್ಲೇನ್ ಮಾಡ್ತಿದೀರಾ, ಊರೂ ಇಲ್ಲ ಕೇರೀನೂ ಇಲ್ಲ?” ಎಂದ.

ಆಶಾರಾಣಿ ತಲೆ ಎತ್ತಿದಳು. “ನಾನು ಹುಟ್ಟಿದ ಜಾಗ ನೋಡಕ್ಕೆ ಬಂದಿದೀವಿ.”

“ಎಲ್ಲಿ?”

“ಇದೇ. ನಾನು ನಿಂತಿದೀನಲ್ಲ, ಇಲ್ಲೇ.” ಅವಳ ದನಿ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತಿತ್ತು.

ಕಿಟಕಿಗಳಿಂದ ತಲೆಗಳು ಹೊರಬಂದವು. ಎಲೆಅಡಿಕೆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ಮುದುಕಿ, “ರೋಡಲ್ಲಾ? ಅಯ್ಯೋ ಶಿವನೇ! ಯಾರವ್ವ ಎತ್ತಿದ್ದು?” ಎಂದಳು.

ಆಶಾರಾಣಿ ಕೈ ಚಾಚಿ ತೋರಿಸಿದಳು. “ಇವರು. ನಮ್ಮ ನರ್ಸಮ್ಮ. ಉಸಿರೂ ಇರ್ಲಿಲ್ಲ ನಂಗೆ, ಇವರೇ ಕೊಟ್ಟಿದ್ದು.”

ಸದಾ ತಾವೇ ಮುಂದಾಗಿ “ನಾನೇ” ಎನ್ನುತ್ತಿದ್ದ ರಾಜಲಕ್ಷ್ಮಮ್ಮನ ಬಾಯಿಂದ ಆ ಹೊತ್ತಿನಲ್ಲಿ ಒಂದು ಮಾತೂ ಹೊರಡಲಿಲ್ಲ. ಅವರ ಪರವಾಗಿ ಅಶ್ವಿನಿಯೇ, “ನಮ್ಮತ್ತೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಡ್ರೈವರ್ ಒಮ್ಮೆ ಉದ್ದಕ್ಕೆ ಹಾರನ್ ಹೊಡೆದ. ತಾಯಿ ಮಗಳು ಅದೇ ಬಸ್ಸು ಹತ್ತಿದರು. ಮುದುಕಿ ಸರಿದು ಆಶಾರಾಣಿಗೆ ಜಾಗ ಕೊಟ್ಟಳು. ಅತ್ತೆ ಸೊಸೆ ಸ್ಕೂಟರಿನಲ್ಲಿ ಹಿಂದೆಯೇ ಬಂದರು.

ಮಧುಗಿರಿಯಲ್ಲಿ ಊಟ ಮುಗಿಸಿ ಎಲ್ಲರೂ ಕಂಪ್ಯೂಟರಿನ ಮುಂದೆ ಕೂತಾಗ ರಾಜಲಕ್ಷ್ಮಮ್ಮ ಮೌಸನ್ನು ಹುಡುಗಿಯ ಕೈಗಿಟ್ಟರು. “ನೀನೇ ಇಡು.”

ಆಶಾರಾಣಿ ನೆಟ್ಟಗೆ ಮಾಡಿದ್ದ ಫೋಟೋವನ್ನು ಎಳೆದಳು, ಭೂಪಟದ ಮೇಲೆ ಬಿಟ್ಟಳು. ಗುಂಡುಸೂಜಿ ನಿಂತಿತು.

“ಅದು ರಸ್ತೆ ಮಧ್ಯ ಆಯ್ತು,” ಎಂದರು ರಾಜಲಕ್ಷ್ಮಮ್ಮ, ಅವರ ಹಳೆಯ ದನಿ ಮರಳಿ ಬಂದಿತ್ತು. “ಅಲ್ಲೇ ಬುಟ್ರೆ ಲಾರಿ ಬರ್ತದೆ. ಪಕ್ಕಕ್ಕೆ ತಗೋ, ಇನ್ನೊಂಚೂರು. ಹೂಂ, ಈಗ ಸರಿ. ಸೇವ್ ಒತ್ತು.”

ಹುಡುಗಿ ಒತ್ತಿದಳು. ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊರಗೆ ಮಗನ ತೋಳು ಹಿಡಿದು ಒಬ್ಬ ತಾಯಿ ಬಾಗಿಲಲ್ಲಿ ಹಿಂಜರಿಯುತ್ತ ನಿಂತಿದ್ದಳು. ಅವಳನ್ನು ಕಂಡ ಆಶಾರಾಣಿ ಎದ್ದು ಕುರ್ಚಿ ಬಿಟ್ಟುಕೊಟ್ಟು, “ಬನ್ನಿ ಅಕ್ಕ, ಒಳಗೆ ಬನ್ನಿ. ಯಾವೂರು ನಿಮ್ಮದು?” ಎಂದು ಕೇಳಿದಳು.